ಚಳಿಗಾಲದಲ್ಲಿ ಇಬ್ಬರೇ ಯುರೋಪಿಗೆ: ವಿಯೆನ್ನಾ ಕಡೆಯೋ, ಸೆವಿಲ್ ಕಡೆಯೋ?

ಚಳಿಗಾಲದಲ್ಲಿ ಯುರೋಪ್ ಅಗ್ಗ ಅನ್ನುವ ಮಾತು ಅರ್ಧ ಮಾತ್ರ ನಿಜ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ಗದ್ದಲ ಬಿಟ್ಟರೆ ವಿಮಾನದ ಟಿಕೆಟ್ಟೂ ರೂಮಿನ ಬಾಡಿಗೆಯೂ ಬೇಸಿಗೆಗಿಂತ ಕಡಿಮೆ ಇರುತ್ತವೆ, ಸರಿ. ಆದರೆ ಬೇಸಿಗೆಯಲ್ಲಿ ಪುಕ್ಕಟೆಯಾಗಿ ಕಳೆಯುವ ಹೊತ್ತೆಲ್ಲ ಚಳಿಗಾಲದಲ್ಲಿ ದುಡ್ಡು ಕೇಳುತ್ತದೆ. ನದಿ ದಂಡೆಯಲ್ಲಿ ಕೂತು ಬ್ರೆಡ್ಡು-ಚೀಸ್ ತಿನ್ನುವುದು, ರಾತ್ರಿ ಒಂಬತ್ತರ ಬೆಳಕಿನಲ್ಲಿ ಸುಮ್ನೆ ಬೀದಿ ಸುತ್ತುವುದು, ಇವೆಲ್ಲ ಜೂನ್ ತಿಂಗಳ ಮಾತು. ಡಿಸೆಂಬರ್ ನಡುವೆ ಬುಡಾಪೆಸ್ಟ್‌ನಲ್ಲಿ ಸಂಜೆ ನಾಲ್ಕಕ್ಕೂ ಮುಂಚೆ ಸೂರ್ಯ ಮುಳುಗುತ್ತಾನೆ. ಆಮೇಲೆ ಮಲಗುವ ತನಕ ಆರು ಗಂಟೆ ಇದೆ. ಕಾಲು ಮರಗಟ್ಟಿರುತ್ತದೆ, ಎಲ್ಲಾದರೂ ಒಳಗೆ ನುಗ್ಗಲೇಬೇಕು, ನುಗ್ಗಿದ ಕಡೆಯೆಲ್ಲ ಎರಡು ಕಾಫಿ ಅಥವಾ ಎರಡು ಟಿಕೆಟ್. ಯೂರೋ ನೂರು ರೂಪಾಯಿ ದಾಟಿರುವ ಕಾಲದಲ್ಲಿ ಈ "ಸ್ವಲ್ಪ ಬೆಚ್ಚಗಾಗೋಣ" ಅನ್ನುವುದೇ ದಿನದ ದೊಡ್ಡ ಖರ್ಚಾಗಬಹುದು.

ಹಾಗಾಗಿ ಊರು ಆರಿಸುವಾಗ ನಾನು ಕೇಳುವ ಮೊದಲ ಪ್ರಶ್ನೆ "ನೋಡಲು ಏನಿದೆ" ಅಂತಲ್ಲ. ಕತ್ತಲಾದ ಮೇಲೆ ಅಲ್ಲಿ ಇಬ್ಬರೂ ಕಡಿಮೆ ದುಡ್ಡಿನಲ್ಲಿ ಏನು ಮಾಡಬಹುದು ಅಂತ. ಇದರ ಮೇಲೇ ಕೆಳಗಿನ ಹೋಲಿಕೆ.

ಎರಡು ಹೆಸರುಗಳನ್ನು ಮೊದಲೇ ಪಕ್ಕಕ್ಕಿಡುತ್ತೇನೆ. ಸ್ವಿಟ್ಜರ್ಲೆಂಡ್ ಚಂದವೇ, ಆದರೆ ಬಜೆಟ್ ಅನ್ನುವ ಪದದ ಜೊತೆ ಅದನ್ನು ಸೇರಿಸುವುದು ಬೇಡ, ಅಲ್ಲಿ ಎರಡು ಸಾದಾ ಊಟದ ಬಿಲ್ಲಿನಲ್ಲಿ ಕ್ರಾಕೋವ್‌ನಲ್ಲಿ ಒಂದು ರಾತ್ರಿಯ ರೂಮು ಬರುತ್ತದೆ. ಪ್ಯಾರಿಸ್ ಕೂಡ ಹೊರಗಿನವರಿಗೆ ಈಗ ಜಾಸ್ತಿ ದುಬಾರಿ. ಲೂವ್ರ್ ಮ್ಯೂಸಿಯಂ 2026ರ ಜನವರಿ 14ರಿಂದ ಯುರೋಪಿನ ಆರ್ಥಿಕ ವಲಯದ ಹೊರಗಿನವರಿಗೆ ಟಿಕೆಟ್ಟನ್ನು 32 ಯೂರೋ ಮಾಡಿದೆ, ಅಂದರೆ ಒಂದೇ ಮ್ಯೂಸಿಯಂಗೆ ಇಬ್ಬರಿಗೆ 64. ಮನಸ್ಸಿದ್ದರೆ ಹೋಗಿ, ಆದರೆ ಈ ಬರಹದ ಲೆಕ್ಕಕ್ಕೆ ಅದು ಹೊಂದುವುದಿಲ್ಲ.

ಉಳಿದದ್ದು ಮೂರು: ಪ್ರಾಗ್-ವಿಯೆನ್ನಾ-ಬುಡಾಪೆಸ್ಟ್ ಸಾಲು, ಪೋರ್ಚುಗಲ್‌ನ ಲಿಸ್ಬನ್ ಮತ್ತು ದಕ್ಷಿಣ ಸ್ಪೇನಿನ ಆಂಡಲೂಸಿಯಾ (ಸೆವಿಲ್ ಇರುವುದು ಇಲ್ಲೇ), ಕೊನೆಗೆ ಪೋಲೆಂಡಿನ ಕ್ರಾಕೋವ್.

ಮೊದಲು ತಾರೀಖು: ಡಿಸೆಂಬರೋ, ಜನವರಿಯೋ?

ನಮ್ಮಲ್ಲಿ ಬಹಳ ಜನ ಡಿಸೆಂಬರ್ ಕೊನೆಯ ವಾರವೇ ಹೊರಡುತ್ತಾರೆ, ಆಫೀಸು ಮುಚ್ಚುವುದು ಆಗ. ಅದೇ ಅತ್ಯಂತ ಕೆಟ್ಟ ವಾರ. ರೂಮುಗಳು ದುಬಾರಿ, ವಿಮಾನ ದುಬಾರಿ. ಅದರ ಮೇಲೆ 24ರ ಮಧ್ಯಾಹ್ನದಿಂದ 26ರವರೆಗೆ ಮಧ್ಯ ಯುರೋಪಿನಲ್ಲಿ ಅಂಗಡಿಗಳು ಬಾಗಿಲು ಹಾಕುತ್ತವೆ, ಬುಡಾಪೆಸ್ಟ್‌ನಲ್ಲಿ 24ರ ಸಂಜೆ ಬಸ್ಸು-ಟ್ರಾಮ್‌ಗಳೂ ಕಡಿಮೆ. ಅಷ್ಟು ದುಡ್ಡು ಕೊಟ್ಟು ಹೋಗಿ ಖಾಲಿ ಬೀದಿಯಲ್ಲಿ ತೆರೆದಿರುವ ಹೋಟೆಲು ಹುಡುಕುವುದು ಯಾಕೆ?

ಕ್ರಿಸ್‌ಮಸ್ ಮಾರುಕಟ್ಟೆ ನೋಡಲೇಬೇಕು ಅಂದರೆ ಡಿಸೆಂಬರ್ ಮೊದಲ ವಾರ ಹೋಗಿ. ವಿಯೆನ್ನಾದ ನಗರಸಭೆ ಮುಂದಿನ ದೊಡ್ಡ ಮಾರುಕಟ್ಟೆ ನವೆಂಬರ್ ಮಧ್ಯದಲ್ಲೇ ಶುರುವಾಗಿ ಡಿಸೆಂಬರ್ 26ಕ್ಕೆ ಮುಗಿಯುತ್ತದೆ. ಪ್ರಾಗ್‌ನ ಹಳೇ ಪೇಟೆಯದು ಜನವರಿ 6ರವರೆಗೂ ಇರುತ್ತದೆ. ಜರ್ಮನಿಯಲ್ಲಿ ಬಹುಪಾಲು 23 ಅಥವಾ 24ಕ್ಕೇ ಮುಗಿದುಹೋಗುತ್ತವೆ, ಹಾಗಾಗಿ 26ಕ್ಕೆ ಫ್ರಾಂಕ್‌ಫರ್ಟ್‌ನಲ್ಲಿಳಿದು ಮಾರುಕಟ್ಟೆ ಎಲ್ಲಿ ಅಂತ ಕೇಳಿ ಪ್ರಯೋಜನವಿಲ್ಲ. ಒಳಗೆ ಹೋಗಲು ಟಿಕೆಟ್ ಇಲ್ಲ, ಆದರೆ ಇಬ್ಬರೂ ಒಂದೊಂದು ಮಗ್ ಬಿಸಿ ವೈನು ಅಥವಾ ಮಕ್ಕಳಿಗೆಂದು ಮಾಡುವ ಮದ್ಯವಿಲ್ಲದ ಪಂಚ್, ಜೊತೆಗೆ ಸುಟ್ಟ ಚೆಸ್ಟ್‌ನಟ್, ಒಂದು ಆಲೂಗೆಡ್ಡೆ ಪ್ಲೇಟು ಅನ್ನುವಷ್ಟರಲ್ಲಿ 25-30 ಯೂರೋ ಕೈಬಿಟ್ಟಿರುತ್ತದೆ. ಮಗ್‌ಗೆ ಡಿಪಾಸಿಟ್ ಹಿಡಿಯುತ್ತಾರೆ, ವಾಪಸ್ ಕೊಟ್ಟರೆ ದುಡ್ಡು ವಾಪಸ್. ಬಹಳ ಜನ ಮಗ್ಗನ್ನೇ ನೆನಪಿಗೆ ಇಟ್ಟುಕೊಳ್ಳುತ್ತಾರೆ, ಅದೂ ಒಂದು ಲೆಕ್ಕದಲ್ಲಿ ಅಗ್ಗದ ಸುವೆನೀರ್.

ನನ್ನ ಮಟ್ಟಿಗೆ ಒಳ್ಳೆಯ ಸಮಯ ಜನವರಿ 6 ಆದ ಮೇಲೆ. ಅವತ್ತಿನ ಮೂರು ರಾಜರ ಹಬ್ಬ (ಕ್ರಿಸ್‌ಮಸ್ ಕಾಲದ ಕೊನೆಯ ಹಬ್ಬ) ಮುಗಿಯುತ್ತಿದ್ದಂತೆ ಬೆಲೆಗಳು ಇಳಿಯುತ್ತವೆ, ಫೆಬ್ರವರಿ ಮೊದಲ ವಾರದವರೆಗೂ ಹಾಗೇ ಇರುತ್ತವೆ. ನಮಗೆ ಇನ್ನೊಂದು ಅನುಕೂಲ ಇದೆ: ಸಂಕ್ರಾಂತಿ ರಜೆಗೆ ಹೊರಟು ಗಣರಾಜ್ಯೋತ್ಸವದ ರಜೆಗೆ ವಾಪಸ್ ಬಂದರೆ ಹತ್ತು-ಹನ್ನೊಂದು ದಿನ ಸಿಗುತ್ತದೆ, ಆಫೀಸಿನ ರಜೆ ಅಷ್ಟೇನೂ ಹೋಗುವುದಿಲ್ಲ. ಬೆಳಕೂ ಸ್ವಲ್ಪ ಹೆಚ್ಚಿರುತ್ತದೆ. ಡಿಸೆಂಬರ್‌ನಲ್ಲಿ ಪ್ರಾಗ್‌ನಲ್ಲಿ ನಾಲ್ಕಕ್ಕೆ ಕತ್ತಲಾದರೆ ಜನವರಿ ಕೊನೆಗೆ ಐದರ ಹತ್ತಿರ ಬಂದಿರುತ್ತದೆ. ಚಳಿ ಮಾತ್ರ ಜನವರಿಯಲ್ಲೇ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ.

ವೀಸಾ ವಿಷಯ, ಬೇಗ ಮುಗಿಸೋಣ

ಈ ಮೂರೂ ಕಡೆಗೆ ಒಂದೇ ಷೆಂಗೆನ್ ವೀಸಾ (ಯುರೋಪಿನ ಬಹುಪಾಲು ದೇಶಗಳಿಗೆ ನಡೆಯುವ ವೀಸಾ) ಸಾಕು. ಒಬ್ಬರಿಗೆ 90 ಯೂರೋ, 2024ರ ಜೂನ್‌ನಿಂದ ಇದೇ ದರ. ಅರ್ಜಿ ಕೇಂದ್ರದವರ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೆ ಈ ದುಡ್ಡು ಹೋಯಿತು ಅಂತಲೇ ಲೆಕ್ಕ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ ಕಡ್ಡಾಯ. ಗಂಡ-ಹೆಂಡತಿಯಾದರೂ, ಮದುವೆಯಾಗದ ಜೋಡಿಯಾದರೂ ಇಬ್ಬರದ್ದೂ ಬೇರೆ ಬೇರೆ ಅರ್ಜಿ, ಆದರೆ ಎರಡರಲ್ಲೂ ಪ್ಲಾನ್ ಒಂದೇ ಇರಬೇಕು. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಜನವರಿಗೆ ಹೋಗುವವರು ಅಕ್ಟೋಬರ್‌ನಲ್ಲೇ ಹಾಕಿಬಿಡುವುದು ಒಳ್ಳೆಯದು.

ಮುಖ್ಯವಾದ ಮಾತು ಇದು: ಯಾವ ದೇಶದಲ್ಲಿ ಹೆಚ್ಚು ರಾತ್ರಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಹಾಗಾಗಿ ದಾರಿ ಮೊದಲು ತೀರ್ಮಾನವಾಗಬೇಕು, ವೀಸಾ ಆಮೇಲೆ. ಸುಲಭವಾಗಿ ಸ್ಲಾಟ್ ಸಿಕ್ಕಿತು ಅಂತ ಯಾವುದೋ ದೇಶಕ್ಕೆ ಹಾಕಿ ಬೇರೆಲ್ಲೋ ಇರುವುದು ಗಡಿಯಲ್ಲಿ ತಲೆನೋವು. ಅಂದಹಾಗೆ, 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಎಲ್ಲವನ್ನೂ ಕಂಪ್ಯೂಟರಿಗೆ ಸೇರಿಸುವ ಹೊಸ ಪದ್ಧತಿ ಶುರುವಾಗಿದೆ. ಮೊದಲ ಸಲ ಹೋದಾಗ ಮುಖದ ಫೋಟೋ ಎಲ್ಲ ತೆಗೆಯುವುದರಿಂದ ಕ್ಯೂ ಉದ್ದ ಇರಬಹುದು. ವಿಮಾನ ಇಳಿದ ಒಂದು ಗಂಟೆಗೆ ರೈಲು ಬುಕ್ ಮಾಡಬೇಡಿ.

ಪ್ರಾಗ್-ವಿಯೆನ್ನಾ-ಬುಡಾಪೆಸ್ಟ್

ಎಲ್ಲರೂ ಹೋಗುವ ಸಾಲು ಇದು, ಹೋಗುವುದಕ್ಕೆ ಕಾರಣವೂ ಇದೆ. ಮೂರೂ ಊರು ಒಂದೇ ರೈಲು ದಾರಿಯಲ್ಲಿವೆ. ಪ್ರಾಗ್‌ನಿಂದ ವಿಯೆನ್ನಾಗೆ ಸುಮಾರು ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟ್‌ಗೆ ಎರಡೂ ಮುಕ್ಕಾಲು. ಆಸ್ಟ್ರಿಯಾದ ರೈಲ್ವೆ ಇದೆ, ಜೆಕ್ ರೈಲ್ವೆ ಇದೆ, ರೆಜಿಯೋಜೆಟ್ ಅನ್ನುವ ಹಳದಿ ಬಣ್ಣದ ಖಾಸಗಿ ರೈಲಿದೆ, ಫ್ಲಿಕ್ಸ್‌ಬಸ್ ಇದೆ, ಪೈಪೋಟಿ ಇರುವುದರಿಂದ ಮುಂಚೆ ಬುಕ್ ಮಾಡಿದರೆ ಟಿಕೆಟ್ ತುಂಬಾ ಕಡಿಮೆ. ಒಂದೇ ರೈಲಿಗೆ ಎರಡು ದೇಶದ ರೈಲ್ವೆ ಸೈಟುಗಳಲ್ಲಿ ಬೇರೆ ಬೇರೆ ಬೆಲೆ ಇರುವುದೂ ಉಂಟು, ಎರಡನ್ನೂ ತೆರೆದು ನೋಡಿ.

ಈ ಸಾಲಿನ ನಿಜವಾದ ಬಲ ಸಂಜೆಗಳಲ್ಲಿದೆ. ವಿಯೆನ್ನಾ ದುಬಾರಿ ಅನ್ನುತ್ತಾರೆ, ರೂಮಿನ ಮಟ್ಟಿಗೆ ನಿಜ, ಜನವರಿಯಲ್ಲೂ ಸಾಧಾರಣ ಡಬಲ್ ರೂಮಿಗೆ 70-100 ಯೂರೋ ಇಟ್ಟುಕೊಳ್ಳಿ. ಆದರೆ ಕತ್ತಲಾದ ಮೇಲೆ ಅಷ್ಟು ಸುಖವಾದ ಊರು ಇನ್ನೊಂದಿಲ್ಲ. ಸ್ಟೇಟ್ ಆಪೆರಾದಲ್ಲಿ ನಿಂತು ನೋಡುವ ಟಿಕೆಟ್ 20 ಯೂರೋ ಒಳಗೆ ಸಿಗುತ್ತದೆ, ಅದೇ ದಿನ ಮಾರುತ್ತಾರೆ. ಮೂರು ಗಂಟೆ ನಿಲ್ಲಬೇಕು, ನಿಜ, ಆದರೆ ಬೇಜಾರಾದರೆ ಇಂಟರ್ವಲ್‌ನಲ್ಲಿ ಎದ್ದು ಬರಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಬ್ರೂಗೆಲ್‌ನ ಚಿತ್ರಗಳಿರುವ ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂ ಗುರುವಾರ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ, ಹಗಲನ್ನು ಅದಕ್ಕೆ ಹಾಳು ಮಾಡಬೇಡಿ, ಗುರುವಾರ ಸಂಜೆ ಐದಕ್ಕೆ ಹೋಗಿ. ಆಮೇಲೆ ಕಾಫಿ ಮನೆಗಳು. ಒಂದು ಕಾಫಿಗೆ ಐದಾರು ಯೂರೋ ಅಂದಾಗ ದರ್ಶಿನಿಯಲ್ಲಿ ಬೈ-ಟು ಕುಡಿದು ಬೆಳೆದ ನಮಗೆ ಎದೆ ಧಸಕ್ ಅನ್ನುತ್ತದೆ. ಆದರೆ ಆ ಕಾಫಿ ಜೊತೆ ಬರುವುದು ಬೆಚ್ಚಗಿನ ಕುರ್ಚಿ, ಒಂದು ಲೋಟ ನೀರು, ಎರಡು ಗಂಟೆ ಕೂತರೂ ಎಬ್ಬಿಸದ ಸರ್ವರ್. ನಮ್ಮಲ್ಲಿ ಕಾಫಿಗೆ ದುಡ್ಡು, ಅಲ್ಲಿ ಕೂರುವುದಕ್ಕೆ ದುಡ್ಡು. ಇಬ್ಬರು ಎರಡು ಕಾಫಿ, ಒಂದು ಕೇಕ್ ಹಂಚಿಕೊಂಡರೆ ಸಂಜೆಯೇ ಮುಗಿಯುತ್ತದೆ.

ವಿಯೆನ್ನಾದಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಮುಚ್ಚಿರುತ್ತವೆ. ಶನಿವಾರವೇ ಹಾಲು, ಬ್ರೆಡ್ಡು, ಮೊಸರು ತಂದಿಟ್ಟುಕೊಳ್ಳಿ. ಮರೆತರೆ ಮುಖ್ಯ ರೈಲು ನಿಲ್ದಾಣದೊಳಗಿನ ಅಂಗಡಿ ತೆರೆದಿರುತ್ತದೆ, ಊರಿನ ಅರ್ಧ ಜನ ಅಲ್ಲೇ ಇರುತ್ತಾರೆ.

ಬುಡಾಪೆಸ್ಟ್ ಅಗ್ಗದ ಊರು, ಜನವರಿಯಲ್ಲಿ 40-60 ಯೂರೋಗೆ ಒಳ್ಳೆಯ ರೂಮು ಸಿಗುತ್ತದೆ. ಬಿಸಿನೀರಿನ ಸ್ನಾನಗೃಹಗಳು ಇಲ್ಲಿನ ಚಳಿಗಾಲದ ದೊಡ್ಡ ಸುಖ. 1913ರಲ್ಲಿ ಕಟ್ಟಿದ ಸೆಚೆನ್ಯಿಯಲ್ಲಿ ಹೊರಗಿನ ಕೊಳದಲ್ಲಿ ಕುತ್ತಿಗೆವರೆಗೆ ಬಿಸಿನೀರು, ತಲೆ ಮೇಲೆ ಸೊನ್ನೆ ಡಿಗ್ರಿ, ಸುತ್ತ ಹಬೆ. ಅದರ ಟಿಕೆಟ್ ಈಗ ಏರಿದೆ, ಶನಿವಾರ-ಭಾನುವಾರ ಇನ್ನೂ ಜಾಸ್ತಿ, ವಾರದ ದಿನ ಹೋಗಿ. ಟವೆಲ್ಲು, ಚಪ್ಪಲಿ ನಿಮ್ಮದೇ ಒಯ್ಯಿರಿ, ಅಲ್ಲಿ ಕೊಂಡರೆ ದುಬಾರಿ. ಗೆಲ್ಲೆರ್ಟ್ ಸ್ನಾನಗೃಹವನ್ನು 2025ರ ಅಕ್ಟೋಬರ್‌ನಲ್ಲಿ ದೊಡ್ಡ ರಿಪೇರಿಗೆಂದು ಮುಚ್ಚಿದ್ದಾರೆ, ಹಳೆಯ ಪಟ್ಟಿಗಳಲ್ಲಿ ಅದರ ಹೆಸರು ನೋಡಿ ಹೊರಡಬೇಡಿ. ಅಗ್ಗದ ಇನ್ನೊಂದು ಸಂಜೆ: 2ನೇ ನಂಬರ್ ಟ್ರಾಮ್. ಡ್ಯಾನ್ಯೂಬ್ ದಂಡೆಗುಂಟ ಹೋಗುತ್ತದೆ, ದೀಪ ಹಾಕಿದ ಪಾರ್ಲಿಮೆಂಟು, ಆಚೆ ದಡದ ಕೋಟೆ ಎಲ್ಲ ಬೆಚ್ಚಗೆ ಕೂತೇ ಕಾಣುತ್ತವೆ. ದೋಣಿ ಸವಾರಿಗೆ ಕೊಡುವ ದುಡ್ಡು ಉಳಿಯಿತು.

ಪ್ರಾಗ್? ಇಲ್ಲಿ ನನ್ನ ಅಭಿಪ್ರಾಯ ಬಹಳ ಜನಕ್ಕೆ ಹಿಡಿಸುವುದಿಲ್ಲ. ಪ್ರಾಗ್‌ನ ಚೆಲುವೆಲ್ಲ ಹೊರಗಿದೆ, ಸೇತುವೆ, ಬೀದಿ, ಗೋಪುರ, ನಡೆದೇ ನೋಡಬೇಕಾದ ಊರು. ಎಂಟು ಗಂಟೆ ಬೆಳಕಿನ ದಿನಗಳಲ್ಲಿ, ಕಲ್ಲು ಹಾಸಿದ ಬೀದಿಯ ಮಂಜುಗಡ್ಡೆ ಮೇಲೆ, ಅದು ಅರ್ಧ ಮಾತ್ರ ಸಿಗುತ್ತದೆ. ಹತ್ತು ರಾತ್ರಿಗಿಂತ ಕಡಿಮೆ ಇದ್ದರೆ ಪ್ರಾಗ್ ಬಿಟ್ಟು ವಿಯೆನ್ನಾ ಐದು, ಬುಡಾಪೆಸ್ಟ್ ನಾಲ್ಕು ಅಂತ ಮಾಡಿ, ನಡುವೆ ರೈಲಿನಲ್ಲಿ ವಿಯೆನ್ನಾದಿಂದ ಒಂದು ಗಂಟೆ ದೂರದ, ಸ್ಲೊವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ ನೋಡಿಕೊಂಡು ಬನ್ನಿ. ಪ್ರಾಗ್ ಏಪ್ರಿಲ್‌ಗೆ ಇರಲಿ. ಹೋಗಿಯೇ ಹೋಗುತ್ತೀರಾದರೆ ಒಂದು ಕಿವಿಮಾತು: ಬೀದಿ ಬದಿಯ ದುಡ್ಡು ಬದಲಿಸುವ ಅಂಗಡಿಗಳಲ್ಲಿ "ಕಮಿಷನ್ ಇಲ್ಲ" ಅಂತ ಬರೆದಿದ್ದರೂ ದರ ಕೆಟ್ಟದಾಗಿರಬಹುದು. 2019ರಿಂದ ಅಲ್ಲಿ ಕಾನೂನಿದೆ, 1000 ಯೂರೋ ಒಳಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಇಟ್ಟುಕೊಳ್ಳಿ. ಎಟಿಎಂ ಆಗಲಿ, ಕಾರ್ಡ್ ಮೆಷಿನ್ ಆಗಲಿ, "ರೂಪಾಯಿಯಲ್ಲಿ ಕಟ್ಟುತ್ತೀರಾ" ಅಂತ ಕೇಳಿದರೆ ಬೇಡ ಅನ್ನಿ, ಆ ದೇಶದ ದುಡ್ಡಿನಲ್ಲೇ ಕಟ್ಟಿ. ಇದು ಮೂರೂ ದಾರಿಗೆ ಅನ್ವಯ.

ಹಿಮ ಬೇಕು ಅನ್ನುವವರಿಗೆ: ಈ ಊರುಗಳಲ್ಲಿ ಜನವರಿಯಲ್ಲೂ ಹಿಮ ಬೀಳುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಬೂದು ಆಕಾಶ, ಒದ್ದೆ ರಸ್ತೆ, ಇದೇ ಜಾಸ್ತಿ. ಹಿಮ ನೋಡಬೇಕಾದರೆ ಬೆಟ್ಟ ಹತ್ತಬೇಕು. ಅದಕ್ಕೆ ಆಲ್ಪ್ಸ್ ಬೆಟ್ಟಗಳ ನಡುವಿನ ಇನ್ಸ್‌ಬ್ರುಕ್‌ವರೆಗೆ ಹೋಗಬೇಕಿಲ್ಲ. ವಿಯೆನ್ನಾದಿಂದ ಸೆಮ್ಮರಿಂಗ್‌ಗೆ ರೈಲಿನಲ್ಲಿ ಒಂದೂಕಾಲು ಗಂಟೆ ಚಿಲ್ಲರೆ. 1854ರಲ್ಲಿ ಶುರುವಾದ ಬೆಟ್ಟದ ರೈಲು ದಾರಿ ಅದು, ಯುನೆಸ್ಕೋ ಪಟ್ಟಿಯಲ್ಲಿದೆ, ಪ್ರಯಾಣವೇ ಒಂದು ನೋಟ. ಮೇಲೆ ಜಾರುಬಂಡಿ ಬಾಡಿಗೆಗೆ ಸಿಗುತ್ತದೆ, ಸ್ಕೀ ಕಲಿಯುವ ಖರ್ಚಿಲ್ಲದೆ ಇಬ್ಬರೂ ಒಂದೇ ಬಂಡಿಯಲ್ಲಿ ಕೂತು ಕಿರುಚಿಕೊಂಡು ಇಳಿಯಬಹುದು. ಸಂಜೆಗೆ ವಿಯೆನ್ನಾಗೆ ವಾಪಸ್.

ಲಿಸ್ಬನ್ ಮತ್ತು ಆಂಡಲೂಸಿಯಾ

ನಮ್ಮ ಮನೆಯವರಿಗೆ ಚಳಿ ಅಂದರೆ ಆಗುವುದಿಲ್ಲ, ಹಾಗಾಗಿ ಈ ದಾರಿಯ ಪರ ನನಗೆ ಒಲವು ಸ್ವಲ್ಪ ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ.

ಜನವರಿಯಲ್ಲಿ ಸೆವಿಲ್‌ನಲ್ಲಿ ಮಧ್ಯಾಹ್ನ ಸುಮಾರು 16 ಡಿಗ್ರಿ, ಲಿಸ್ಬನ್‌ನಲ್ಲಿ 15. ಬೆಂಗಳೂರಿನ ಡಿಸೆಂಬರ್ ಬೆಳಗಿನ ಚಳಿ ಇದು, ಒಂದು ಸ್ವೆಟರ್ರು ಒಂದು ಜಾಕೆಟ್ಟು ಸಾಕು. ಡಿಸೆಂಬರ್‌ನಲ್ಲೂ ಸೆವಿಲ್‌ನಲ್ಲಿ ಕತ್ತಲಾಗುವುದು ಸಂಜೆ ಆರರ ಮೇಲೆ. ಅಂದರೆ ಪುಕ್ಕಟೆ ಹೊತ್ತು ಇಲ್ಲಿ ಇನ್ನೂ ಉಳಿದಿದೆ. 1929ರ ವಸ್ತುಪ್ರದರ್ಶನಕ್ಕೆ ಕಟ್ಟಿದ ಪ್ಲಾಜಾ ದೆ ಎಸ್ಪಾನ್ಯಾದಲ್ಲಿ ಬಿಸಿಲಿಗೆ ಕೂರಬಹುದು, ಬೀದಿಗುಂಟ ಕಿತ್ತಳೆ ಮರಗಳಲ್ಲಿ ಹಣ್ಣು ತುಂಬಿರುತ್ತದೆ (ಕೀಳಬೇಡಿ, ಕಹಿ). ಕಾರ್ಡೊಬಾದ ಮೆಸ್ಕೀಟಾಗೆ (ಮಸೀದಿಯಾಗಿದ್ದು ಆಮೇಲೆ ಚರ್ಚಾದ ಕಟ್ಟಡ) ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಟಿಕೆಟ್ ಇಲ್ಲ. ಸೆವಿಲ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆ. ಆದರೆ ಅಷ್ಟು ಹೊತ್ತಿಗೆ ಅಲ್ಲಿರಬೇಕಾದರೆ ಹಿಂದಿನ ರಾತ್ರಿ ಕಾರ್ಡೊಬಾದಲ್ಲೇ ಉಳಿಯುವುದು ಜಾಣತನ. ಜನವರಿ 5ರ ಸಂಜೆ ಸ್ಪೇನಿನ ಊರೂರಲ್ಲಿ ಮೂರು ರಾಜರ ಮೆರವಣಿಗೆ, ರಥದ ಮೇಲಿಂದ ಮಿಠಾಯಿ ಎಸೆಯುತ್ತಾರೆ, ಪುಕ್ಕಟೆ. 7ರಿಂದ ಬಟ್ಟೆ ಅಂಗಡಿಗಳಲ್ಲಿ ದೊಡ್ಡ ಸೇಲ್.

ಈಗ ಯಾರೂ ಸರಿಯಾಗಿ ಹೇಳದ ಮಾತು. ಇಲ್ಲಿ ಹೊರಗಿಗಿಂತ ಒಳಗೆ ಚಳಿ. ದಕ್ಷಿಣ ಸ್ಪೇನ್ ಮತ್ತು ಪೋರ್ಚುಗಲ್‌ನ ಮನೆಗಳನ್ನು ಕಟ್ಟಿರುವುದು ಬೇಸಿಗೆಯ ಬಿಸಿಲಿಗೆ. ಟೈಲ್ಸ್ ನೆಲ, ದಪ್ಪ ಗೋಡೆ, ಮನೆ ಪೂರ್ತಿ ಬಿಸಿ ಮಾಡುವ ವ್ಯವಸ್ಥೆ ಬಹಳ ಕಡೆ ಇಲ್ಲ. ವಿಯೆನ್ನಾದಲ್ಲಿ ಹೊರಗೆ ಮೈನಸ್ ಇದ್ದರೂ ರೂಮಿನಲ್ಲಿ ಟೀ ಶರ್ಟಿನಲ್ಲಿ ಓಡಾಡಬಹುದು, ಲಿಸ್ಬನ್‌ನ ಅಗ್ಗದ ಹಳೇ ಫ್ಲ್ಯಾಟಿನಲ್ಲಿ ರಾತ್ರಿ ಸ್ವೆಟರ್ ಹಾಕಿಕೊಂಡೇ ಮಲಗಬೇಕಾಗಬಹುದು, ಒದ್ದೆ ಟವೆಲ್ ಮಾರನೇ ದಿನವೂ ಒದ್ದೆ. ರೂಮು ಬುಕ್ ಮಾಡುವ ಮುಂಚೆ ರಿವ್ಯೂಗಳಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗಿನವನ್ನು ಮಾತ್ರ ಓದಿ. ಬೇಸಿಗೆಯ ಐದು ಸ್ಟಾರಿಗೆ ಇಲ್ಲಿ ಬೆಲೆ ಇಲ್ಲ. ಮಲಗುವ ಕೋಣೆಯಲ್ಲೇ ಹೀಟರ್ ಅಥವಾ ಬಿಸಿಗಾಳಿ ಬಿಡುವ ಎಸಿ ಇದೆಯಾ ಅಂತ ಬರೆದು ಕೇಳಿ. ಹತ್ತು ಯೂರೋ ಜಾಸ್ತಿಯಾದರೂ ಸರಿಯಾದ ಹೋಟೆಲ್ ರೂಮು ಹಿಡಿಯಿರಿ, ಈ ದಾರಿಯಲ್ಲಿ ಫ್ಲ್ಯಾಟಿಗಿಂತ ಹೋಟೆಲೇ ವಾಸಿ. ಸೆವಿಲ್‌ನಲ್ಲಿ ಜನವರಿಗೆ 50-80 ಯೂರೋ ಅಂದಾಜು ಇಟ್ಟುಕೊಳ್ಳಿ.

ಎರಡನೆಯ ತೊಂದರೆ ಮಳೆ. ಲಿಸ್ಬನ್, ಅದಕ್ಕಿಂತ ಹೆಚ್ಚಾಗಿ ಪೋರ್ಟೊ, ಚಳಿಗಾಲದಲ್ಲೇ ನೆನೆಯುವ ಊರುಗಳು. ಕೊಡೆ ಹಿಡಿದು ಕಡಿದಾದ ಜಾರು ಬೀದಿ ಹತ್ತುವುದು ಎರಡು ದಿನ ಚಂದ. ಮೂರನೆಯದು ದೂರ. ಲಿಸ್ಬನ್‌ನಿಂದ ಸೆವಿಲ್‌ಗೆ ನೇರ ರೈಲಿಲ್ಲ, ಬಸ್ಸಿನಲ್ಲಿ ಆರೇಳು ಗಂಟೆ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ ಅಂತ ಎರಡನ್ನೂ ಗಂಟು ಹಾಕಿದರೆ ಒಂದು ಇಡೀ ಹಗಲು ಕಿಟಕಿಯಾಚೆ ಹೋಗುತ್ತದೆ. ಆದ್ದರಿಂದ ನನ್ನ ಸಲಹೆ: ಲಿಸ್ಬನ್ ಬಿಡಿ. ಮಾಲಗಾಗೆ ಇಳಿದು, ಸೆವಿಲ್, ಕಾರ್ಡೊಬಾ, ಗ್ರನಾಡಾ ಸುತ್ತಿ ಮಾಲಗಾದಿಂದಲೇ ವಾಪಸ್. ಎಲ್ಲವೂ ಎರಡು-ಮೂರು ಗಂಟೆಯೊಳಗಿನ ರೈಲು ಅಥವಾ ಬಸ್ಸು. ಒಂದೇ ದೇಶ, ಒಂದೇ ನಾಣ್ಯ, ವೀಸಾ ಯಾರಿಗೆ ಹಾಕಬೇಕು ಅನ್ನುವ ಗೊಂದಲವೂ ಇಲ್ಲ.

ಗ್ರನಾಡಾದ ಹಳೆಯ ಕೋಟೆ-ಅರಮನೆ ಅಲ್ಹಂಬ್ರಾದ ಟಿಕೆಟ್ ಮಾತ್ರ ಚಳಿಗಾಲ ಅಂತ ನಿರ್ಲಕ್ಷ್ಯ ಮಾಡಬೇಡಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ತೋರಿಸಬೇಕು, ಒಳಗಿನ ನಾಸ್ರಿದ್ ಅರಮನೆಗೆ ಟಿಕೆಟ್ ಮೇಲೆ ಬರೆದ ಸಮಯಕ್ಕೇ ಹೋಗಬೇಕು. ವೀಸಾ ಬಂದ ದಿನವೇ ಬುಕ್ ಮಾಡಿ.

ಕ್ರಾಕೋವ್, ಚಿಕ್ಕದಾಗಿ

ದುಡ್ಡೇ ಮುಖ್ಯ ಅಂದರೆ ಇದು. ರೂಮು 35-50 ಯೂರೋ, ಊಟ ಅಗ್ಗ. ಬಾರ್ ಮ್ಲೆಚ್ನಿ ಅನ್ನುವ ಹಳೆಯ ಕಾಲದ ಕ್ಯಾಂಟೀನುಗಳಿವೆ, ಸರ್ವರ್ ನಗುವುದಿಲ್ಲ, ಊಟ ಬಿಸಿ ಇರುತ್ತದೆ. ಆಲೂಗೆಡ್ಡೆ-ಚೀಸ್ ತುಂಬಿದ ಪಿಯೆರೋಗಿ ನಮ್ಮ ಕಡುಬಿನ ದೂರದ ನೆಂಟ, ಮೇಲೆ ಹಂದಿ ಕೊಬ್ಬಿನ ತುಣುಕು ಹಾಕಬೇಡಿ ಅಂತ ಹೇಳಿದರೆ ಸಸ್ಯಾಹಾರಿಗಳಿಗೂ ನಡೆಯುತ್ತದೆ. ವಿಯೆಲಿಚ್ಕಾ ಉಪ್ಪಿನ ಗಣಿ ನೆಲದಡಿ ಇರುವುದರಿಂದ ಹೊರಗೆ ಎಷ್ಟೇ ಚಳಿಯಿದ್ದರೂ ಒಳಗೆ ಹಿತ. ಆದರೆ ಚಳಿ ವಿಯೆನ್ನಾ, ಬುಡಾಪೆಸ್ಟ್‌ಗಿಂತ ಒಂದು ಹಿಡಿ ಜಾಸ್ತಿ, ಹೊಗೆ ಮಂಜಿನ ದಿನಗಳೂ ಇರುತ್ತವೆ. ನಗರದೊಳಗೆ 2019ರಿಂದ ಕಲ್ಲಿದ್ದಲು, ಕಟ್ಟಿಗೆ ಉರಿಸುವಂತಿಲ್ಲ, ಸುತ್ತಲಿನ ಊರುಗಳ ಹೊಗೆ ಬರುವುದು ನಿಂತಿಲ್ಲ. ಉಸಿರಾಟದ ತೊಂದರೆ ಇರುವವರು ಇದನ್ನು ಬಿಡುವುದೇ ಸರಿ. ನಾಲ್ಕು ರಾತ್ರಿಗೆ ಚೆನ್ನ, ಹತ್ತಕ್ಕೆ ಸಾಲುವುದಿಲ್ಲ.

ಓಡಾಟ ಮತ್ತು ಉಳಿಯುವುದು: ಎಲ್ಲಿ ಉಳಿತಾಯ ಸುಳ್ಳು

ರಾತ್ರಿ ಬಸ್ಸಿನಲ್ಲಿ ಹೋದರೆ ಒಂದು ರಾತ್ರಿಯ ರೂಮು ಉಳಿಯುತ್ತದೆ ಅನ್ನುವ ಲೆಕ್ಕ ಬೇಸಿಗೆಗೆ ಸರಿ. ಚಳಿಗಾಲದಲ್ಲಿ ಬೆಳಿಗ್ಗೆ ಆರಕ್ಕೆ ಇಳಿಯುತ್ತೀರಿ, ಬೆಳಕಾಗುವುದು ಎಂಟರ ಹತ್ತಿರ, ರೂಮು ಕೊಡುವುದು ಮಧ್ಯಾಹ್ನ ಮೂರಕ್ಕೆ. ಒಂಬತ್ತು ಗಂಟೆ ಹೊತ್ತು ಸಾಮಾನು, ನಿದ್ದೆಗೆಟ್ಟ ಮುಖ, ಕಾಫಿ ಮೇಲೆ ಕಾಫಿ, ಜೊತೆಗೆ ಸಣ್ಣ ಮಾತಿಗೂ ಜಗಳ. ಉಳಿಸಿದ ಐವತ್ತು ಯೂರೋ ಮಧ್ಯಾಹ್ನದೊಳಗೆ ಖರ್ಚು. ಬೆಳಿಗ್ಗೆ ಹತ್ತರ ರೈಲು ಹಿಡಿಯಿರಿ.

ಅಗ್ಗದ ವಿಮಾನಗಳೂ ಹೀಗೇ. 20 ಯೂರೋ ಟಿಕೆಟ್ಟಿನಲ್ಲಿ ಸೀಟಿನ ಕೆಳಗೆ ಹಿಡಿಯುವ ಪುಟ್ಟ ಬ್ಯಾಗಿಗೆ ಮಾತ್ರ ಜಾಗ, 40×30×20 ಸೆಂಟಿಮೀಟರ್ ಆಸುಪಾಸು. ಚಳಿಗಾಲದ ಬಟ್ಟೆ ಅದರಲ್ಲಿ ಹಿಡಿಯುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಕ್ಯಾಬಿನ್ ಬ್ಯಾಗು ಕೊಳ್ಳುವ ಬದಲು ಒಂದೇ 20 ಕಿಲೋ ಚೆಕ್-ಇನ್ ಬ್ಯಾಗು ಕೊಂಡು ಹಂಚಿಕೊಳ್ಳಿ, ದಪ್ಪ ಜಾಕೆಟ್ಟು, ಬೂಟು ಮೈ ಮೇಲೇ ಇರಲಿ. ಹಲವು ದೇಶಗಳ ರೈಲಿಗೆ ಒಂದೇ ಟಿಕೆಟ್ಟಾದ ಯುರೇಲ್ ಪಾಸು? ಹತ್ತು ದಿನದಲ್ಲಿ ಎರಡು ಊರು ನೋಡುವವರಿಗೆ ಬೇಡ. ಸ್ಪೇನಿನಲ್ಲಿ ವೇಗದ ರೈಲಿಗೆ ಪಾಸಿನ ಮೇಲೂ ರಿಸರ್ವೇಶನ್ ದುಡ್ಡು ಕೇಳುತ್ತಾರೆ.

ಬೆಂಗಳೂರಿನಿಂದ ಟಿಕೆಟ್ ಮಾಡುವಾಗ ಒಂದು ಊರಿಗೆ ಇಳಿದು ಇನ್ನೊಂದರಿಂದ ಹತ್ತುವ ಹಾಗೆ ಹುಡುಕಿ. ಕೊಲ್ಲಿ ದೇಶಗಳ ಮೂಲಕ ಹೋಗುವ ವಿಮಾನಗಳು ವಿಯೆನ್ನಾಗೂ ಹೋಗುತ್ತವೆ, ಬುಡಾಪೆಸ್ಟ್‌ಗೂ ಹೋಗುತ್ತವೆ. ಒಂದರಲ್ಲಿ ಇಳಿದು ಮತ್ತೊಂದರಲ್ಲಿ ಹತ್ತಿದರೆ ವಾಪಸ್ ರೈಲಿನ ದುಡ್ಡೂ ಒಂದು ಹಗಲೂ ಉಳಿಯುತ್ತದೆ.

ಇಬ್ಬರೇ ಇರುವಾಗ ಹಾಸ್ಟೆಲಿನ ಡಾರ್ಮ್ ಲಾಭವಲ್ಲ. ಎರಡು ಹಾಸಿಗೆಯ ದುಡ್ಡು ಸೇರಿಸಿದರೆ ಒಂದು ಚಿಕ್ಕ ಡಬಲ್ ರೂಮಿನ ಹತ್ತಿರ ಬರುತ್ತದೆ. ಇನ್ನೊಂದು, ಚಳಿಗಾಲದಲ್ಲಿ ರೂಮು ಊರಿನ ಅಂಚಿನಲ್ಲಿ ಬೇಡ. ಬೇಸಿಗೆಯಲ್ಲಿ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗಬಹುದು. ಚಳಿಗಾಲದಲ್ಲಿ ನಾಲ್ಕಕ್ಕೆ ರೂಮಿಗೆ ಬಂದು, ಬಿಸಿನೀರಲ್ಲಿ ಕಾಲಿಟ್ಟು, ನಮ್ಮದೇ ಕೆಟಲ್‌ನಲ್ಲಿ ಚಹಾ ಮಾಡಿ ಕುಡಿದು ಆರೂವರೆಗೆ ಮತ್ತೆ ಹೊರಡುವುದೇ ಸರಿಯಾದ ಕ್ರಮ. ಆ ಎರಡೂವರೆ ಗಂಟೆ ಪುಕ್ಕಟೆಯಾಗಬೇಕಾದರೆ ರೂಮು ಹದಿನೈದು ನಿಮಿಷದೊಳಗಿರಬೇಕು. ಹದಿನೈದು ಯೂರೋ ಜಾಸ್ತಿ ಕೊಟ್ಟು ಟ್ರಾಮ್ ಸ್ಟಾಪಿನ ಪಕ್ಕದ ರೂಮು ಹಿಡಿದವರು ದಿನಕ್ಕೆ ಅಷ್ಟನ್ನು ಕೆಫೆಗಳಲ್ಲಿ ಉಳಿಸುತ್ತಾರೆ.

ಊಟ

ಸ್ಪೇನಿನಲ್ಲಿ ವಾರದ ದಿನ ಮಧ್ಯಾಹ್ನ "ಮೆನು ದೆಲ್ ದಿಯಾ" ಇರುತ್ತದೆ, ಒಂದೇ ಬೆಲೆಗೆ ಎರಡು ಬಗೆ, ಬ್ರೆಡ್ಡು, ಪಾನೀಯ, ಸಿಹಿ. ಎರಡು ಗಂಟೆಗೆ ಹೊಟ್ಟೆ ತುಂಬಾ ಉಂಡು ರಾತ್ರಿ ಹಗುರವಾಗಿ ಮುಗಿಸಿ, ಹೇಗೂ ಅಲ್ಲಿ ರಾತ್ರಿ ಅಡುಗೆಮನೆ ತೆರೆಯುವುದು ಎಂಟೂವರೆ ಮೇಲೆ. ಗ್ರನಾಡಾದಲ್ಲಿ ಒಂದು ಲೋಟ ಏನಾದರೂ ತಗೊಂಡರೆ ಜೊತೆಗೆ ಒಂದು ತಟ್ಟೆ ತಿಂಡಿ ಪುಕ್ಕಟೆ, ಮಾಂಸ ಬೇಡ ಅಂತ ಮೊದಲೇ ಹೇಳಿ. ಸೆವಿಲ್‌ನ ಪಾಲಕ್-ಕಡಲೆ ಪಲ್ಯ ಸಸ್ಯಾಹಾರಿಗಳಿಗೆ ವರ, ಚಪಾತಿ ಒಂದಿದ್ದಿದ್ದರೆ ಅನಿಸುತ್ತದೆ. ತಣ್ಣನೆಯ ಸಾಲ್ಮೊರೆಹೊ ಸೂಪಿನ ಮೇಲೆ ಹಂದಿ ಮಾಂಸದ ಚೂರು ಉದುರಿಸುತ್ತಾರೆ, ನೋಡಿಕೊಳ್ಳಿ. ಬುಡಾಪೆಸ್ಟ್‌ನಲ್ಲಿ ಲಾಂಗೋಶ್, ನಮ್ಮ ಪೂರಿಯನ್ನು ದೊಡ್ಡದು ಮಾಡಿ ಮೇಲೆ ಹುಳಿ ಕೆನೆ-ಚೀಸ್ ಸುರಿದ ಹಾಗೆ, ಒಂದನ್ನು ಇಬ್ಬರು ತಿನ್ನಬಹುದು. ಬೀನ್ಸ್ ಸೂಪು ನೋಡಿ ಸಸ್ಯಾಹಾರ ಅಂದುಕೊಳ್ಳಬೇಡಿ, ಹೊಗೆ ಹಾಕಿದ ಮಾಂಸ ಇರುತ್ತದೆ.

ಮನೆಯಿಂದ ಚಟ್ನಿಪುಡಿ, ಅವಲಕ್ಕಿ, ರವೆ ಒಯ್ಯಿರಿ. ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ತಾಜಾ ಕರಿಬೇವೂ ಬೇಡ.

ಹಾಗಾದರೆ ಯಾವುದು?

ಇಬ್ಬರಲ್ಲಿ ಒಬ್ಬರಿಗೆ ಚಳಿ ಜಾಸ್ತಿ ಆಗಿಯೇ ಆಗುತ್ತದೆ. ಪ್ಲಾನ್ ಅವರ ಲೆಕ್ಕದಲ್ಲಿರಬೇಕು, ತಡೆದುಕೊಳ್ಳುವವರ ಲೆಕ್ಕದಲ್ಲಲ್ಲ. ಇಬ್ಬರಿಗೂ ಚಳಿ ನಡೆಯುತ್ತದೆ, ಸಂಗೀತ, ಮ್ಯೂಸಿಯಂ, ಕಾಫಿ ಮುಂದೆ ಹರಟೆ ಇಷ್ಟ ಅಂದರೆ ಜನವರಿ ಮಧ್ಯದಲ್ಲಿ ವಿಯೆನ್ನಾ-ಬುಡಾಪೆಸ್ಟ್. ರೂಮು, ಊಟ, ಓಡಾಟ ಸೇರಿ ಇಬ್ಬರಿಗೆ ದಿನಕ್ಕೆ ವಿಯೆನ್ನಾದಲ್ಲಿ 140, ಬುಡಾಪೆಸ್ಟ್‌ನಲ್ಲಿ 95 ಯೂರೋ ಅಂತ ನಾನು ಹಿಡಿಯುತ್ತೇನೆ. ಬೆಂಗಳೂರಿನಲ್ಲೇ ಥರ್ಮಲ್ ಕೊಂಡುಕೊಳ್ಳಿ, ಜಾಕೆಟ್ಟು ನೆಂಟರ ಹತ್ತಿರ ಸಾಲ ತನ್ನಿ, ಆದರೆ ನೀರಿಳಿಯದ, ಜಾರದ ಬೂಟಿಗೆ ಮಾತ್ರ ದುಡ್ಡು ಉಳಿಸಲು ಹೋಗಬೇಡಿ. ನಡೆಯುವುದು, ಬಿಸಿಲು, ಬೀದಿ ಜೀವನ ಬೇಕು ಅಂದರೆ ಆಂಡಲೂಸಿಯಾ, ದಿನಕ್ಕೆ 110-120, ಹೀಟರ್ ವಿಚಾರಿಸಿಕೊಂಡು.

ಒಬ್ಬರಿಗೆ ಹಿಮ ಬೇಕು, ಇನ್ನೊಬ್ಬರಿಗೆ ಬಿಸಿಲೇ ಬೇಕು ಅನ್ನುವ ಮನೆಗಳೂ ಉಂಟು. ಅಂಥವರು ವಿಯೆನ್ನಾ, ಸೆವಿಲ್ ಎರಡನ್ನೂ ವಿಮಾನದಲ್ಲಿ ಗಂಟು ಹಾಕಿ ಎರಡು ಬಗೆಯ ಬಟ್ಟೆ ಹೊರುವುದು ಬೇಡ. ಗ್ರನಾಡಾದಲ್ಲಿ ಒಂದು ರಾತ್ರಿ ಹೆಚ್ಚಿಗೆ ಇರಿ. ಬೆಳಿಗ್ಗೆ ಪಕ್ಕದ ಸಿಯೆರಾ ನೆವಾಡಾ ಬೆಟ್ಟದ ಬಸ್ಸು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ 2100 ಮೀಟರ್ ಎತ್ತರದ ಸ್ಕೀ ಹಳ್ಳಿ, ಸಂಜೆ ಅದೇ ಬಸ್ಸಿನಲ್ಲಿ ಕೆಳಗಿಳಿದರೆ ಮತ್ತೆ ಊರು. ಶನಿವಾರ-ಭಾನುವಾರ ಬಸ್ಸು ತುಂಬಿರುತ್ತದೆ, ವಾಪಸ್ ಟಿಕೆಟ್ಟನ್ನೂ ಬೆಳಿಗ್ಗೆಯೇ ತಗೊಳ್ಳಿ.